ಮನವೊಲಿಸುವ ಮಾತು: ನ್ಯಾಯದ ಸಂದೇಶ ಊರನ್ನು ತಲುಪುವ ಬಗೆ

ರಾಯಚೂರು ಜಿಲ್ಲೆಯ ಮಸ್ಕಿ ಎಂದ ಕೂಡಲೇ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಶೋಕನ ಶಾಸನ. ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1915ರಲ್ಲಿ, ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಈ ಬರಹವನ್ನು ಗುರುತಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳು ಮಾತ್ರ ಇದ್ದವು. ಬಿರುದಿನ ಜೊತೆಗೆ "ಅಶೋಕ" ಎಂಬ ಹೆಸರು ಮೊದಲ ಬಾರಿಗೆ ಸಿಕ್ಕಿದ್ದು ಮಸ್ಕಿಯಲ್ಲಿ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವುದು ಇಷ್ಟನ್ನೇ.

ಆದರೆ ಆ ಬಂಡೆಯ ಮೇಲಿನ ವಿಷಯವೇನು? ಅದರ ತಾತ್ಪರ್ಯ ಹೀಗಿದೆ: ಧರ್ಮದ ಹಾದಿಯಲ್ಲಿ ಶ್ರದ್ಧೆಯಿಂದ ನಡೆದರೆ ಸಣ್ಣವನೂ ದೊಡ್ಡ ಗುರಿಯನ್ನು ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬಾರದು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಹೇಳಬೇಕು. 2,200 ವರ್ಷಗಳಿಗೂ ಹಿಂದಿನ ಈ ಬರಹದಲ್ಲಿ "ತಿಳಿಸಿ ಹೇಳಬೇಕು" ಎಂಬ ಕೊನೆಯ ಭಾಗವನ್ನು ನಾವು ಗಮನಿಸಬೇಕು. ಶಾಸನದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸುತ್ತಲಿನ ರೈತರಲ್ಲಿ, ದನಗಾಹಿಗಳಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಯಾರಾದರೂ ಓದಿ, ಜನರ ಮಾತಿನಲ್ಲಿ ವಿವರಿಸಲೇಬೇಕಿತ್ತು. ಇದೇ ಗುಂಪಿಗೆ ಸೇರಿದ, ಕರ್ನೂಲು ಸೀಮೆಯ ಎರ್ರಗುಡಿ ಶಾಸನದಲ್ಲಿ ನಾಡಿನ ಜನರಿಗೆ ಭೇರಿ ಬಾರಿಸಿ ತಿಳಿಸಬೇಕೆಂಬ ಸೂಚನೆಯೂ ಇದೆ. ಅಂದರೆ, ಬರೆದರೆ ಮಾತ್ರ ಸಾಲದು ಎಂಬುದು ಚಕ್ರವರ್ತಿಗೂ ತಿಳಿದಿತ್ತು.

ಬಂಡೆಯ ಮಾತು ಬಂಡೆಯಲ್ಲೇ ಉಳಿಯದೆ ಜನರ ನಡತೆಯೊಳಗೆ ಇಳಿಯುವುದು ಹೇಗೆ? ಸಾಮಾಜಿಕ ನ್ಯಾಯದ ಎಲ್ಲ ಚಳವಳಿಗಳ ಮುಂದೆಯೂ ಇರುವ ಪ್ರಶ್ನೆ ಇದೇ. ನಮ್ಮ ಮಾತುಕತೆ ಕಾರ್ಯಕ್ರಮದ ಈ ಸಲದ ವಿಷಯವೂ ಇದೇ ಆಗಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಿಂದಲೇ ಹೊರಟು ಇದನ್ನು ಬಿಡಿಸಿ ನೋಡೋಣ.

ತಿಳಿಸುವುದು, ಆಜ್ಞಾಪಿಸುವುದು, ಒಪ್ಪಿಸುವುದು

ಮೊದಲು ಮೂರು ಕ್ರಿಯೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳೋಣ. "ನಾಳೆ ಸಿಂಧನೂರಿನ ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆ ಇದೆ" ಎಂಬುದು ಮಾಹಿತಿ. "ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧ" ಎಂಬುದು ಆಜ್ಞೆ. ಅದರ ಹಿಂದೆ ಸಂವಿಧಾನದ 17ನೆಯ ವಿಧಿ, 1955ರ ಕಾಯಿದೆ, 1989ರ ದೌರ್ಜನ್ಯ ತಡೆ ಕಾಯಿದೆ ಇವೆ. ಮೂರನೆಯದು ಮನವೊಲಿಕೆ. ಇಲ್ಲಿ ಕೇಳುಗ ತಾನೇ ಯೋಚಿಸಿ, "ಹೌದು, ಇದು ಸರಿ, ನಾನು ಹೀಗೆ ನಡೆದುಕೊಳ್ಳಬೇಕು" ಎಂಬ ತೀರ್ಮಾನಕ್ಕೆ ಬರುತ್ತಾನೆ.

ಆಜ್ಞೆ ಇದ್ದಮೇಲೆ ಮನವೊಲಿಕೆ ಏಕೆ ಎಂದು ನೀವು ಕೇಳಬಹುದು. ಲಿಂಗಸುಗೂರಿನ ನೆರೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಉದಾಹರಣೆ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಎರಡು ವರ್ಷದ ದಲಿತ ಮಗುವೊಂದು ದೇವಾಲಯದೊಳಕ್ಕೆ ಓಡಿಹೋಯಿತು. ಶುದ್ಧೀಕರಣದ ಖರ್ಚೆಂದು ಮಗುವಿನ ಮನೆಯವರಿಂದ ಸುಮಾರು 25,000 ರೂಪಾಯಿ ಕೇಳಲಾಯಿತು. ಸಂವಿಧಾನ ಜಾರಿಗೆ ಬಂದು ಆಗಲೇ 71 ವರ್ಷಗಳಾಗಿದ್ದವು. ಸುದ್ದಿ ಹೊರಬಂದ ಮೇಲೆ ಅಧಿಕಾರಿಗಳು, ಪೊಲೀಸರು ಬಂದರು. ಕಾನೂನು ತನ್ನ ಕೆಲಸ ಮಾಡಿತು. ಆದರೆ ಎರಡು ವರ್ಷದ ಕೂಸಿನ ಹೆಜ್ಜೆಯಿಂದ ಮೈಲಿಗೆಯಾಯಿತೆಂದು ನಂಬಿದ ಮನಸ್ಸಿಗೆ ಕಾನೂನು ನೇರವಾಗಿ ತಲುಪಲಾರದು. ಕಾಯಿದೆ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಮನಸ್ಸನ್ನು ತಿರುಗಿಸುವ ಕೆಲಸ ಬೇರೆಯೇ ಇದೆ. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಾಗಲಾರದು.

ಯಾರ ಬಾಯಿಂದ?

ಮನವೊಲಿಕೆಯನ್ನು ವಿಜ್ಞಾನದ ರೀತಿಯಲ್ಲಿ, ಪ್ರಯೋಗದ ಮೂಲಕ ಪರೀಕ್ಷಿಸಿದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾರ್ಲ್ ಹಾವ್‌ಲೆಂಡ್ ಪ್ರಮುಖರು. 1951ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವರು ಮತ್ತು ವಾಲ್ಟರ್ ವೈಸ್ ವಿದ್ಯಾರ್ಥಿಗಳ ಗುಂಪುಗಳಿಗೆ ಒಂದೇ ಲೇಖನವನ್ನು ಓದಿಸಿದರು. ಒಂದು ಗುಂಪಿಗೆ ಅದನ್ನು ಬರೆದವರು ಪರಮಾಣು ವಿಜ್ಞಾನಿ ಓಪನ್‌ಹೈಮರ್ ಎಂದರು. ಇನ್ನೊಂದಕ್ಕೆ ಅದು ಸೋವಿಯತ್ ಪತ್ರಿಕೆ "ಪ್ರಾವ್ದಾ"ದಲ್ಲಿ ಬಂದದ್ದು ಎಂದರು. ಅಕ್ಷರವೂ ಬದಲಾಗಿರಲಿಲ್ಲ. ಆದರೂ ಓಪನ್‌ಹೈಮರ್ ಹೆಸರಿನಲ್ಲಿ ಓದಿದವರಲ್ಲಿ ಹೆಚ್ಚು ಮಂದಿ ಅಭಿಪ್ರಾಯ ಬದಲಿಸಿದರು. ನಾಲ್ಕು ವಾರಗಳ ನಂತರ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ಅಂದರೆ, ಹೇಳಿದವರ ಮೇಲಿನ ವಿಶ್ವಾಸ ಮಾತಿಗೆ ಬಾಗಿಲು ತೆರೆಯುತ್ತದೆ. ಆದರೆ ಬಹಳ ದಿನ ನಿಲ್ಲಬೇಕಾದರೆ ಮಾತಿನಲ್ಲೇ ತಿರುಳಿರಬೇಕು.

ಈ ಸೂತ್ರವನ್ನಿಟ್ಟುಕೊಂಡು ನಮ್ಮ ನಾಡಿನ ಇತಿಹಾಸವನ್ನು ನೋಡೋಣ. 1970ರ ದಶಕದ ನಡುವಿನಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅದಕ್ಕೂ ಮೊದಲು ದಲಿತರ ಬಗ್ಗೆ ಕನಿಕರದಿಂದ ಬರೆದವರು, ಭಾಷಣ ಮಾಡಿದವರು ಕಡಿಮೆಯಿರಲಿಲ್ಲ. ಆದರೆ 1975ರಲ್ಲಿ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂದಾಗ, ನೋವನ್ನು ಉಂಡವರೇ ತಮ್ಮ ಮಾತಿನಲ್ಲಿ ಹೇಳುವುದನ್ನು ಕನ್ನಡಿಗರು ಕೇಳಿದರು. ಆ ಹಾಡುಗಳು ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಹರಡಿದವು. ಓದುಬರಹ ಬಾರದವರಿಗೂ ಅವು ಬಾಯಿಪಾಠವಾದವು.

ಇದಕ್ಕೆ ಇನ್ನೊಂದು ಮುಖವೂ ಇದೆ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯ ರೇಣುಕಾಂಬೆ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಅದು ಮಾನಹಾನಿಯ ಪದ್ಧತಿಯೆಂದು ಸಮಿತಿಯ ಕಾರ್ಯಕರ್ತರು 1986ರ ಮಾರ್ಚ್‌ನಲ್ಲಿ ಜಾತ್ರೆಗೇ ಹೋಗಿ ತಡೆಯಲು ನಿಂತರು. ಅಲ್ಲಿ ಸೇರಿದ್ದ ಜನ ರೊಚ್ಚಿಗೆದ್ದು ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ಮಾಡಿ ಅವರನ್ನೇ ಬೆತ್ತಲೆ ಮಾಡಿದರು. ಹರಕೆ ಹೊತ್ತು ಬಂದವರಲ್ಲಿ ಅನೇಕರು ದಲಿತರೂ ಹಿಂದುಳಿದವರೂ ಆಗಿದ್ದರು. ಕಾರ್ಯಕರ್ತರ ಮಾತು ನ್ಯಾಯವಾಗಿತ್ತು. ಆದರೆ ಹರಕೆ ಹೊತ್ತು ಹೊಳೆಗೆ ಇಳಿಯಲು ನಿಂತ ಹೆಣ್ಣುಮಗಳಿಗೆ ಆ ಹೊತ್ತಿನಲ್ಲಿ ಕಾಣುತ್ತಿದ್ದುದು, ದೇವಿಗೂ ತನಗೂ ನಡುವೆ ಅಡ್ಡ ಬಂದ ಅಪರಿಚಿತರು. ಆನಂತರ ಸರ್ಕಾರ ವಿಚಾರಣೆ ನಡೆಸಿ ಈ ಸೇವೆಯನ್ನು ನಿಷೇಧಿಸಿತು. ಕಾರ್ಯಕರ್ತರು ಅನುಭವಿಸಿದ ಅವಮಾನವೇ ನಾಡಿನ ಕಣ್ಣು ತೆರೆಸಿತು ಎನ್ನುವವರಿದ್ದಾರೆ. ಭಕ್ತರ ಊರುಗಳಿಗೆ ಮೊದಲೇ ಹೋಗಿ ವರ್ಷಗಟ್ಟಲೆ ಮಾತನಾಡಿದ್ದರೆ ಜಾತ್ರೆಯ ದಿನ ಬೇರೆಯಾಗಿರುತ್ತಿತ್ತು ಎನ್ನುವವರೂ ಇದ್ದಾರೆ. ಯಾವುದು ಸರಿ ಎಂಬುದನ್ನು ನೀವೇ ಚರ್ಚಿಸಿ. ಸಂದೇಶ ಸತ್ಯವಾಗಿದ್ದರೂ ಸಮಯ ಮತ್ತು ಸಂಬಂಧ ಕೂಡಿಬರದಿದ್ದರೆ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ ಎಂಬುದಂತೂ ಚಂದ್ರಗುತ್ತಿಯಿಂದ ತಿಳಿಯುತ್ತದೆ.

ಡಂಗುರದ ಹಲಗಿ, ಚಳವಳಿಯ ಹಲಗಿ

ಸಂದೇಶಕ್ಕೆ ವಾಹನ ಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಬಹಳ ಕಾಲ ಆ ವಾಹನವಾಗಿದ್ದುದು ಡಂಗುರ. ಸಂತೆ, ಜಾತ್ರೆ, ಕಂದಾಯದ ಗಡುವು, ಎಲ್ಲವನ್ನೂ ಹಲಗಿ ಬಾರಿಸಿ ಸಾರಲಾಗುತ್ತಿತ್ತು. ಬಾರಿಸುವವರು ಸಾಮಾನ್ಯವಾಗಿ ದಲಿತರು. ಆದರೆ ಸಾರುವ ಮಾತು ಅವರದಲ್ಲ, ಊರಿನ ಯಜಮಾನರದು. ದನಿ ಒಬ್ಬರದು, ಆಜ್ಞೆ ಇನ್ನೊಬ್ಬರದು.

ದಲಿತ ಚಳವಳಿ ಬೆಳೆದಾಗ ಹಲವೆಡೆ ಯುವಕರು, ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿಯಾಗಿ ಹಲಗಿ ಬಾರಿಸುವುದಿಲ್ಲವೆಂದು ನಿರಾಕರಿಸಿದರು. ಅದೇ ವಾದ್ಯ ಚಳವಳಿಯ ಮೆರವಣಿಗೆಯಲ್ಲಿ, ಬೀದಿನಾಟಕದಲ್ಲಿ, ಹೋರಾಟದ ಹಾಡಿನಲ್ಲಿ ಮತ್ತೆ ಕಾಣಿಸಿಕೊಂಡಿತು. ವಾದ್ಯ ಹಳೆಯದು, ಅದನ್ನು ಯಾರ ಪರವಾಗಿ ಬಾರಿಸುತ್ತಿದ್ದಾರೆ ಎಂಬುದು ಬದಲಾಗಿತ್ತು. ಊರಿನ ಜನರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ಹಲಗಿಯ ಸದ್ದು ಕೇಳಿ ಹೊರಗೆ ಬಂದವರಿಗೆ ಯಜಮಾನರ ಆಜ್ಞೆಯ ಬದಲು ಕೇರಿಯವರ ಬೇಡಿಕೆ ಕೇಳಿಸಿತು.

ನೆರೆಯ ಆಂಧ್ರದಲ್ಲಿ ಈ ವಿಚಾರ ಒಂದು ಚಳವಳಿಗೆ ಹೆಸರನ್ನೇ ಕೊಟ್ಟಿತು. 1994ರ ಜುಲೈನಲ್ಲಿ ಪ್ರಕಾಶಂ ಜಿಲ್ಲೆಯ ಈದುಮೂಡಿ ಎಂಬ ಹಳ್ಳಿಯಲ್ಲಿ ಆರಂಭವಾದ ಮಾದಿಗ ಮೀಸಲಾತಿ ಹೋರಾಟ "ದಂಡೋರ" ಎಂದೇ ಪ್ರಸಿದ್ಧವಾಯಿತು. ದಂಡೋರ ಎಂದರೆ ನಮ್ಮ ಡಂಗುರ. ನಾಯಕರಾದ ಮಂದ ಕೃಷ್ಣ ಅವರು ತಮ್ಮ ಹೆಸರಿನ ಮುಂದೆ "ಮಾದಿಗ" ಎಂದು ಸೇರಿಸಿಕೊಂಡರು. ಅನೇಕರು ಅವರನ್ನು ಅನುಸರಿಸಿದರು. ಬೈಗುಳವಾಗಿ ಕೇಳುತ್ತಾ ಬಂದ ಪದವನ್ನು ತಾವೇ ತಲೆಯೆತ್ತಿ ಹೇಳಿಕೊಂಡಾಗ ಬೈಯುವವನ ಕೈಯ ಆಯುಧ ಮೊಂಡಾಗುತ್ತದೆ. ಈ ಸಂದೇಶದ ಮೊದಲ ಕೇಳುಗರು ಮೇಲ್ಜಾತಿಯವರಾಗಿರಲಿಲ್ಲ, ತಮ್ಮದೇ ಕೇರಿಯ ಮಕ್ಕಳಾಗಿದ್ದರು ಎಂಬುದನ್ನು ಗಮನಿಸಿ. ಚಳವಳಿಯ ಸಂದೇಶ ಎದುರಾಳಿಯ ಮನವೊಲಿಸುವ ಮೊದಲು, ಅಂಜಿ ಕುಗ್ಗಿದ ತನ್ನವರ ಮನವೊಲಿಸಬೇಕಾಗುತ್ತದೆ.

ಬೀದಿನಾಟಕದ ಬಗ್ಗೆಯೂ ಒಂದು ಮಾತು. 1977ರಲ್ಲಿ ಬಿಹಾರದ ಬೆಲ್ಚಿ ಎಂಬಲ್ಲಿ ದಲಿತರ ಹತ್ಯಾಕಾಂಡ ನಡೆಯಿತು. ಆ ವಿಷಯವನ್ನು ಆಧರಿಸಿ "ಸಮುದಾಯ" ತಂಡ ಸಿ.ಜಿ. ಕೃಷ್ಣಸ್ವಾಮಿ ಅವರ ನಿರ್ದೇಶನದಲ್ಲಿ "ಬೆಲ್ಚಿ" ನಾಟಕವನ್ನು ಕರ್ನಾಟಕದ ಬೀದಿ ಬೀದಿಗಳಲ್ಲಿ ಆಡಿತು. ಬಿಹಾರ ದೂರದ ನಾಡು. ಆದರೆ ಜೀತ, ಜಮೀನು, ಜಾತಿ ಎಂಬ ಮಾತುಗಳು ಯಾವ ಊರಿಗೂ ಹೊಸವಲ್ಲ. ಟಿಕೆಟ್ಟಿಲ್ಲದೆ, ರಂಗಮಂದಿರವಿಲ್ಲದೆ, ಸಂತೆಗೆ ಬಂದವರ ನಡುವೆಯೇ ಆಡಿದ್ದರಿಂದ, ನಾಟಕ ನೋಡಲು ಎಂದೂ ಹೋಗದವರಿಗೂ ಅದು ತಲುಪಿತು.

ಕೇಳುವವರು ಮಾತನಾಡತೊಡಗಿದಾಗ

ಈಗ ನಮ್ಮದೇ ಮಾಧ್ಯಮಕ್ಕೆ ಬರೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ಉಪಗ್ರಹ ದೂರದರ್ಶನದ ಒಂದು ಮಹಾಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬರುವ ಮೊದಲೇ ರಾಯಚೂರು ಜಿಲ್ಲೆಯ ಹಳ್ಳಿಗಳ ಜನ ಸಾರ್ವಜನಿಕ ಸ್ಥಳದಲ್ಲಿಟ್ಟ ಪೆಟ್ಟಿಗೆಯ ಮುಂದೆ ಕುಳಿತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿದರು. ತಿಳಿವಳಿಕೆ ಹರಡಲು ಇದು ಒಳ್ಳೆಯ ಸಾಧನವೆಂಬುದರಲ್ಲಿ ಸಂಶಯವಿಲ್ಲ. ಆದರೆ ತಿಳಿವಳಿಕೆ ಬಂದ ಮಾತ್ರಕ್ಕೆ ನಡತೆ ಬದಲಾಗುವುದೇ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆಯಿತ್ತು. ಗೃಹಿಣಿಯರು ಸಾಮಾನ್ಯವಾಗಿ ಬಳಸದ ಗುಂಡಿಗೆ, ಮೂತ್ರಪಿಂಡ ಮುಂತಾದ ಭಾಗಗಳನ್ನು ಅಡುಗೆಯಲ್ಲಿ ಬಳಸುವಂತೆ ಮಾಡಬೇಕಿತ್ತು. ಲೆವಿನ್ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಉಳಿದ ಗುಂಪುಗಳಲ್ಲಿ ಉಪನ್ಯಾಸದ ಬದಲು, ಇದರಲ್ಲಿರುವ ತೊಡಕುಗಳೇನೆಂದು ಗೃಹಿಣಿಯರೇ ಚರ್ಚಿಸಿ, ಕೊನೆಗೆ ಕೈಯೆತ್ತಿ ತೀರ್ಮಾನ ಹೇಳುವಂತೆ ಮಾಡಿದರು. ನಂತರ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಶೇಕಡ 3 ಮಂದಿ ಮಾತ್ರ ಆ ಅಡುಗೆ ಮಾಡಿದ್ದರು. ಚರ್ಚಿಸಿದವರಲ್ಲಿ ಶೇಕಡ 32. ಕೇಳಿದ ಮಾತಿಗಿಂತ ತಾನೇ ಆಡಿದ ಮಾತಿಗೆ, ಅದರಲ್ಲೂ ನಾಲ್ಕು ಜನರೆದುರು ಆಡಿದ ಮಾತಿಗೆ, ಮನುಷ್ಯ ಹೆಚ್ಚು ಬದ್ಧನಾಗುತ್ತಾನೆ.

ಇದನ್ನು ಪ್ರಯೋಗಶಾಲೆಯ ಹೊರಗೆ ತೋರಿಸಿಕೊಟ್ಟವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಸಾರಾಯಿ ವಿರೋಧಿ ಹೋರಾಟ ಭುಗಿಲೆದ್ದಿತು. ಅದಕ್ಕೆ ಪ್ರೇರಣೆಯಾದದ್ದು ಸಾಕ್ಷರತಾ ಆಂದೋಲನದ ಪಾಠ. ಊರಿನ ಹೆಂಗಸರು ಒಟ್ಟಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ ಅದರಲ್ಲಿತ್ತು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯಲು ಕುಳಿತವರು ಕಥೆಯನ್ನು ತಮ್ಮ ಮನೆಯ ಕಥೆಯೊಂದಿಗೆ ಹೋಲಿಸಿ ಮಾತನಾಡಿದರು, ಮಾತು ತೀರ್ಮಾನವಾಯಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು.

ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ. ಅಗ್ಗದ ಮದ್ಯ ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ಪರವಾನಗಿಯಿಲ್ಲದೆ ಮಾರಾಟವಾಗತೊಡಗಿತು. ರಾಯಚೂರು ಜಿಲ್ಲೆಯ ಮಹಿಳಾ ಸಂಘಟನೆಗಳು ಇದರ ವಿರುದ್ಧ ಎದ್ದುನಿಂತವು. ಸಿಂಧನೂರು ದಾರಿಯ ಪೋತ್ನಾಳದಲ್ಲಿ ನೆಲೆಯಿರುವ, ದಲಿತ ಕೂಲಿ ಹೆಣ್ಣುಮಕ್ಕಳೇ ಕಟ್ಟಿ ಬೆಳೆಸಿದ ಜಾಗೃತ ಮಹಿಳಾ ಸಂಘಟನೆಯಂಥವು ಹಳ್ಳಿಯ ಓಣಿಗಳಲ್ಲಿ ಸಂಘಗಳ ಮೂಲಕ ಕೆಲಸ ಮಾಡುತ್ತಾ ಬಂದಿದ್ದವು. "ಮದ್ಯ ನಿಷೇಧ ಆಂದೋಲನ" ಎಂಬ ಹೆಸರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳ ಸಾವಿರಾರು ಮಹಿಳೆಯರು 2019ರ ಜನವರಿ 19ರಂದು ಚಿತ್ರದುರ್ಗದಿಂದ ಕಾಲ್ನಡಿಗೆಯಲ್ಲಿ ಹೊರಟು, ಸುಮಾರು 200 ಕಿಲೋಮೀಟರ್ ನಡೆದು, ಗಾಂಧೀಜಿ ಹುತಾತ್ಮರಾದ ದಿನವಾದ ಜನವರಿ 30ರಂದು ಬೆಂಗಳೂರು ಸೇರಿದರು. ದಾರಿಯಲ್ಲಿ ಒಬ್ಬ ಮಹಿಳೆ ಅಪಘಾತದಲ್ಲಿ ತೀರಿಕೊಂಡರು.

ಈ ನಡಿಗೆಯನ್ನೇ ಒಂದು ಸಂದೇಶವಾಗಿ ಓದಿ ನೋಡಿ. ಹೇಳಿದವರು ಯಾರು? ಕುಡಿತದ ಪೆಟ್ಟು ತಿಂದ ಮನೆಗಳವರು. ಹೇಗೆ ಹೇಳಿದರು? ದಿನದ ಕೂಲಿ ಬಿಟ್ಟು ನಡೆದು ಹೇಳಿದರು. ಕೂಲಿಯವರಿಗೆ ಹನ್ನೆರಡು ದಿನದ ಸಂಬಳದ ಬೆಲೆ ಏನೆಂಬುದು ಎಲ್ಲರಿಗೂ ಗೊತ್ತು. ಸುಮ್ಮನೆ ಆಡುವ ಮಾತಿಗಾಗಿ ಯಾರೂ ಅಷ್ಟು ತೆರುವುದಿಲ್ಲ. ಆದ್ದರಿಂದ ನೋಡಿದವರು ನಂಬಿದರು. ಆದರೂ ಬೇಡಿಕೆಯಂತೆ ರಾಜ್ಯದಲ್ಲಿ ಮದ್ಯ ನಿಷೇಧ ಜಾರಿಗೆ ಬರಲಿಲ್ಲ. ಅಬಕಾರಿ ಸುಂಕ ಸರ್ಕಾರದ ದೊಡ್ಡ ಆದಾಯ. ನಿಷೇಧದಿಂದ ಕಳ್ಳಭಟ್ಟಿ ಹೆಚ್ಚುತ್ತದೆ ಎಂಬ ವಾದವೂ ಇದೆ. ಆಂಧ್ರದಲ್ಲಿ 1995ರಲ್ಲಿ ತಂದ ಪೂರ್ಣ ನಿಷೇಧವನ್ನು 1997ರಲ್ಲಿ ಸಡಿಲಿಸಿದ್ದನ್ನು ಅವರು ಎತ್ತಿ ಹೇಳುತ್ತಾರೆ. ಮನವೊಲಿಕೆಗೂ ಮಿತಿಯಿದೆ. ಕೇಳುವವರ ಮನಸ್ಸು ಕರಗಿದರೂ ಅವರ ಲಾಭನಷ್ಟದ ಲೆಕ್ಕ ಬೇರೆಯಾಗಿದ್ದರೆ ಸಂಘಟನೆಯ ಒತ್ತಡ ವರ್ಷಗಟ್ಟಲೆ ಮುಂದುವರಿಯಬೇಕಾಗುತ್ತದೆ.

ಒಂದು ಕರಪತ್ರದ ಪರೀಕ್ಷೆ

ಇಷ್ಟನ್ನೂ ಒಂದು ಸಣ್ಣ ಅಭ್ಯಾಸದಲ್ಲಿ ಪರೀಕ್ಷಿಸೋಣ. ಒಂದು ಊರಿನ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದಾರೆಂದು ಭಾವಿಸಿ. ಅದನ್ನು ನಿಲ್ಲಿಸಲು ನೀವು ಕರಪತ್ರ ಬರೆಯಬೇಕು. ಉದಾಹರಣೆಗಾಗಿ ಮೂರು ಕರಡುಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲನೆಯದು: "ಅಸ್ಪೃಶ್ಯತೆ ಮಹಾಪಾಪ. ಮಾನವರೆಲ್ಲ ಒಂದೇ." ಇದನ್ನು ಎಲ್ಲರೂ ಒಪ್ಪುತ್ತಾರೆ, ಹೋಟೆಲಿನ ಮಾಲೀಕರೂ ಒಪ್ಪುತ್ತಾರೆ. ಯಾರಿಗೂ ನೋಯುವುದಿಲ್ಲ, ಆದ್ದರಿಂದ ಏನೂ ಬದಲಾಗುವುದಿಲ್ಲ.

ಎರಡನೆಯದು: "ಜಾತಿವಾದಿ ಊರಿಗೆ ಧಿಕ್ಕಾರ!" ಇದು ನೊಂದವರ ಸಿಟ್ಟನ್ನು ಹೇಳುತ್ತದೆ, ಅವರಿಗೆ ಧೈರ್ಯವನ್ನೂ ಕೊಡುತ್ತದೆ. ಆದರೆ ಊರಿನಲ್ಲಿ ಈ ಪದ್ಧತಿ ತಪ್ಪೆಂದು ಒಳಗೊಳಗೇ ಅಂದುಕೊಂಡಿದ್ದವರನ್ನೂ ಎದುರಾಳಿಗಳ ಸಾಲಿಗೆ ತಳ್ಳುತ್ತದೆ.

ಮೂರನೆಯದು: "ನಾಲೆಯ ನೀರು ಬಂದಾಗ ಎಲ್ಲ ಕೇರಿಯವರೂ ಒಂದೇ ಗದ್ದೆಯಲ್ಲಿ ನಾಟಿ ಮಾಡುತ್ತೇವೆ. ಆ ಕೈಗಳು ನೆಟ್ಟ ಭತ್ತದ ಅನ್ನವನ್ನು ಎಲ್ಲರ ಮನೆಯಲ್ಲೂ ಉಣ್ಣುತ್ತೇವೆ. ಅದೇ ಕೈ ಮುಟ್ಟಿದ ಲೋಟ ಮಾತ್ರ ಏಕೆ ಬೇರೆ? ಗಿರಾಕಿ ಕಡಿಮೆಯಾಗುತ್ತಾರೆಂದು ಮಾಲೀಕರಿಗೆ ಅಂಜಿಕೆ ಇರಬಹುದು. ಅಣ್ಣಂದಿರೇ, ಅಕ್ಕಂದಿರೇ, ಸೋಮವಾರ ಮುಂಜಾನೆ ನಾವು ಇಪ್ಪತ್ತು ಜನ ಅಲ್ಲಿ ಒಟ್ಟಿಗೆ ಕುಳಿತು, ಒಂದೇ ಬಗೆಯ ಲೋಟದಲ್ಲಿ ಚಹಾ ಕುಡಿಯುತ್ತೇವೆ. ನೀವೂ ಬನ್ನಿ."

ಮೂರನೆಯ ಕರಡಿನಲ್ಲಿ ನಾಲ್ಕು ಅಂಶಗಳಿವೆ. ಒಂದು, ಸಿಂಧನೂರು ಭಾಗದ ಯಾರೂ ಅಲ್ಲಗಳೆಯಲಾಗದ, ದಿನವೂ ಕಾಣುವ ಸಂಗತಿಯಿಂದ ಅದು ಹೊರಡುತ್ತದೆ. ಎರಡು, ಎದುರು ಪಕ್ಷದ ಅಂಜಿಕೆಯನ್ನು ಮುಚ್ಚಿಡದೆ ಹೇಳಿ, ಅದಕ್ಕೆ ಉತ್ತರ ಕೊಡುತ್ತದೆ. ಹಾವ್‌ಲೆಂಡ್ ಮತ್ತು ಸಂಗಡಿಗರು ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರ ನಡುವೆ ನಡೆಸಿದ ಅಧ್ಯಯನದಲ್ಲಿ ಕಂಡುಬಂದದ್ದೂ ಇದೇ: ಮೊದಲೇ ಒಪ್ಪಿದವರಿಗೆ ಒಂದು ಕಡೆಯ ವಾದ ಸಾಕಾಗುತ್ತದೆ, ಒಪ್ಪದವರ ಮುಂದೆ ಎರಡೂ ಕಡೆಯ ವಾದವನ್ನು ಇಡುವುದು ಹೆಚ್ಚು ಪರಿಣಾಮಕಾರಿ. ಮೂರು, ಯಾರು, ಯಾವಾಗ, ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ನಾಲ್ಕು, ಬರೆದವರು ತಾವೇ ಮೊದಲು ಹೆಜ್ಜೆಯಿಡುತ್ತಾರೆ. ಇಷ್ಟಾದರೂ ಮಾಲೀಕರು ಒಪ್ಪದಿದ್ದರೆ ಕಾನೂನಿನ ಬಾಗಿಲು ತೆರೆದೇ ಇದೆ. ಮನವೊಲಿಕೆಯ ಹೆಸರಿನಲ್ಲಿ ನ್ಯಾಯವನ್ನು ವರ್ಷಗಟ್ಟಲೆ ಮುಂದೂಡಬೇಕಿಲ್ಲ.

ಎರಡೂ ಕಡೆ ನ್ಯಾಯದ ಮಾತು ಕೇಳಿದಾಗ

ಕೊನೆಯದಾಗಿ ಕಠಿಣವಾದ ಪ್ರಶ್ನೆ. ಅನ್ಯಾಯ ಮಾಡುವವರ ವಿರುದ್ಧ ನ್ಯಾಯದ ಮಾತು ಕೇಳಿದಾಗ ಯಾವ ಕಡೆ ನಿಲ್ಲಬೇಕೆಂದು ತಿಳಿಯುವುದು ಸುಲಭ. ಎರಡೂ ಕಡೆಯವರು ನೊಂದವರೇ ಆಗಿದ್ದರೆ?

ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ವಿಷಯ ಇಂಥದು. ಮೀಸಲಾತಿಯ ಪಾಲು ತಮಗೆ ಸರಿಯಾಗಿ ತಲುಪಲಿಲ್ಲವೆಂದು ಮಾದಿಗ ಸಮುದಾಯದ ಸಂಘಟನೆಗಳು ಕರ್ನಾಟಕದಲ್ಲೂ ದಶಕಗಳ ಕಾಲ ಹೋರಾಡಿದವು. 2005ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆಯೆಂದು ಹೇಳಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಯ ನಂತರ 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡ 17ರ ಮೀಸಲಾತಿಯನ್ನು 6, 6 ಮತ್ತು 5 ಎಂದು ಮೂರು ಗುಂಪುಗಳಿಗೆ ಹಂಚಲು ತೀರ್ಮಾನಿಸಿತು. ಬಂಜಾರ, ಭೋವಿ ಸಮುದಾಯಗಳ ಸಂಘಟನೆಗಳು ಒಳವರ್ಗೀಕರಣವನ್ನು ವಿರೋಧಿಸುತ್ತಾ ಬಂದವು. ಅಲೆಮಾರಿ ಸಮುದಾಯಗಳು ತಮಗೆ ಪ್ರತ್ಯೇಕ ಪಾಲು ಸಿಗಲಿಲ್ಲವೆಂದು ಪ್ರತಿಭಟಿಸಿದವು. ಎಲ್ಲರ ಬಾಯಲ್ಲೂ ಇದ್ದ ಪದ ಒಂದೇ, ಸಾಮಾಜಿಕ ನ್ಯಾಯ.

ಲಿಂಗಸುಗೂರಿನ ಕಾಲೇಜಿನ ಒಂದೇ ಬೆಂಚಿನಲ್ಲಿ ಮಾದಿಗರ ಕೇರಿಯಿಂದ ಬಂದ ವಿದ್ಯಾರ್ಥಿಯೂ ತಾಂಡಾದಿಂದ ಬಂದ ವಿದ್ಯಾರ್ಥಿಯೂ ಕುಳಿತಿರಬಹುದು. ಇಬ್ಬರ ಮೊಬೈಲಿಗೂ ದಿನಕ್ಕೆ ಹತ್ತು ಸಂದೇಶ ಬರುತ್ತವೆ. ಅವುಗಳಲ್ಲಿ ಯಾವುದು ಮನವೊಲಿಕೆ, ಯಾವುದು ಮರುಳು ಮಾಡುವ ಪ್ರಚಾರ ಎಂದು ತಿಳಿಯುವುದು ಹೇಗೆ? ಮೂರು ಪರೀಕ್ಷೆಗಳನ್ನು ಇಟ್ಟುಕೊಳ್ಳಬಹುದು. ಹೇಳಿದವರ ಹೆಸರು ಇದೆಯೇ? ಮಸ್ಕಿಯ ಬಂಡೆಯ ಮೇಲೆ ಚಕ್ರವರ್ತಿಯೂ ತನ್ನ ಹೆಸರು ಹಾಕಿ ಮಾತನಾಡಿದ್ದಾನೆ. ಹೆಸರಿಲ್ಲದ ಮಾತಿಗೆ ಹೊಣೆಗಾರರಿಲ್ಲ. ಅಂಕಿಅಂಶ ಕೊಟ್ಟಿದ್ದರೆ ಅದನ್ನು ವರದಿಯಲ್ಲಿ ತೆಗೆದು ನೋಡಬಹುದೇ? ಆ ಸಂದೇಶವನ್ನು ಎದುರು ಗುಂಪಿನ ಗೆಳೆಯನ ಮುಂದೆ ಗಟ್ಟಿಯಾಗಿ ಓದಲು ನಿಮಗೆ ಸಾಧ್ಯವೇ? ಅವನ ಮುಂದೆ ಓದಲು ನಾಚಿಕೆಯಾಗುವಂಥ ಮಾತು ನ್ಯಾಯದ ಹೆಸರಿನಲ್ಲಿ ಬಂದಿದ್ದರೂ ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ ಯೋಚಿಸಬೇಕು.

ಮನವೊಲಿಸುವವನು ಕೇಳುಗನನ್ನು ತನ್ನಂತೆಯೇ ಯೋಚಿಸಬಲ್ಲ ಮನುಷ್ಯನೆಂದು ಭಾವಿಸುತ್ತಾನೆ. ಮರುಳು ಮಾಡುವವನಿಗೆ ಕೇಳುಗ ಬರೀ ಗುರಿ ಮಾತ್ರ. ಸಮಾನತೆಯನ್ನು ಬೇಡುವ ಚಳವಳಿ ತನ್ನ ಮಾತಿನಲ್ಲೇ ಆ ಸಮಾನತೆಯನ್ನು ತೋರಿಸಬೇಕಾಗುತ್ತದೆ. ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಹೇಳುವ ಕೆಲಸ ಮಸ್ಕಿಯ ಸುತ್ತಿನಲ್ಲಿ ಇನ್ನೂ ಬಾಕಿಯಿದೆ. ಅದನ್ನು ಮಾಡಬೇಕಾದವರು ಈಗ ಶಾಲೆ ಕಾಲೇಜುಗಳಲ್ಲಿ ಇದ್ದಾರೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಊರಿನ ಗೋಡೆಗಳ ಮೇಲೆ ಈಗ ಇರುವ ಬರಹಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಮಾಹಿತಿ ಎಷ್ಟು, ಆಜ್ಞೆ ಎಷ್ಟು, ಮನವೊಲಿಕೆ ಎಷ್ಟು?

2. ಚಂದ್ರಗುತ್ತಿಯಲ್ಲಿ ನೀವು ಕಾರ್ಯಕರ್ತರಾಗಿದ್ದರೆ ಜಾತ್ರೆಗೆ ಆರು ತಿಂಗಳ ಮೊದಲು ಏನು ಮಾಡುತ್ತಿದ್ದಿರಿ?

3. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಒಂದು ಹಳೆಯ ಪದ್ಧತಿಯನ್ನು ಬಿಟ್ಟಿದ್ದರೆ, ಯಾರ ಮಾತು ಕೇಳಿ ಬಿಟ್ಟರೆಂದು ವಿಚಾರಿಸಿ ಬರೆಯಿರಿ.

4. ಬಾಲ್ಯವಿವಾಹದ ವಿರುದ್ಧ ಎರಡು ಕರಪತ್ರ ಬರೆಯಿರಿ. ಒಂದು ಹತ್ತನೆಯ ತರಗತಿಯ ಹುಡುಗಿಯರಿಗೆ, ಇನ್ನೊಂದು ಅವರ ತಂದೆತಾಯಿಗೆ. ಎರಡರಲ್ಲಿ ಬದಲಾದದ್ದು ಏನು, ಬದಲಾಗದೆ ಉಳಿದದ್ದು ಏನು?